ಕಡಲ ಮೀನಿನ ಒಗ್ಗಿಕೆಯೂ ಪ್ರತ್ಯೇಕವಾಸವೂ

ಕಡಲ ಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರು ಮಂಗಳೂರು ನಗರದಲ್ಲಿ ಬಹುಮಂದಿ ಇಲ್ಲ. ಇರುವ ಕೆಲವರಲ್ಲಿ ಈ ಲೇಖಕನೂ ಒಬ್ಬನು. ಇಂಥವರು ಒಂದೆಡೆ ಕಲೆತಾಗ ಮಾತು ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಬಗೆಯ ದುಃಖದ ಕಡೆಗೆ ತಿರುಗುತ್ತದೆ. ವರ್ಷಗಟ್ಟಲೆ ಸುಖವಾಗಿದ್ದ ಮೀನುಗಳ ನಡುವೆ ಹೊಸದೊಂದನ್ನು ಬಿಟ್ಟದ್ದು, ತಿಂಗಳೊಳಗಾಗಿ ತೊಟ್ಟಿಯೇ ಬರಿದಾದದ್ದು. ಹೊಸ ಮೀನನ್ನು ಬಿಡುವಾಗ ತಾವು ಎಷ್ಟು ಎಚ್ಚರಿಕೆ ವಹಿಸಿದೆವೆಂಬುದನ್ನು ಅವರು ವಿವರವಾಗಿ ಹೇಳುತ್ತಾರೆ. ಹೇಳುವುದು ನಿಜವೂ ಹೌದು. ಆದರೆ ಆ ಎಚ್ಚರಿಕೆಯು ಇರಬೇಕಾದ ಸ್ಥಳದಲ್ಲಿ ಇರಲಿಲ್ಲವೆಂಬುದೇ ಈ ಲೇಖನದ ವಾದ. ಚೀಲದ ಬಳಿ ನಾವು ಗಂಟೆಗಟ್ಟಲೆ ಕುಳಿತುಕೊಳ್ಳುತ್ತೇವೆ. ಅದಾದ ಬಳಿಕ ವಾರಗಟ್ಟಲೆ ಕಾಯಬೇಕಾದಲ್ಲಿ ಒಂದು ದಿನವನ್ನೂ ಕಾಯುವುದಿಲ್ಲ.

ಇತಿಹಾಸದ ಅಧ್ಯಾಪಕನು ಮತ್ಸ್ಯವಿಜ್ಞಾನದ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಸಹೋದ್ಯೋಗಿಗಳು ಭಾವಿಸಬಹುದು. ಅದಕ್ಕೆ ನನ್ನ ಸಮಾಧಾನವಿಷ್ಟೆ: ಕ್ವಾರಂಟೈನ್ ಎಂಬುದು ಮೂಲತಃ ಬಂದರುಗಳ ಇತಿಹಾಸಕ್ಕೆ ಸೇರಿದ ಮಾತು. ನಾನು ಅದರ ಅರ್ಥವನ್ನು ಪುಸ್ತಕದಲ್ಲಿ ಓದಿದ್ದೆನು, ತರಗತಿಯಲ್ಲಿ ಪಾಠವನ್ನೂ ಹೇಳಿದ್ದೆನು. ಆದರೆ ಅದು ಮನಸ್ಸಿಗೆ ಹತ್ತಿದ್ದು ಮೀನಿನ ತೊಟ್ಟಿಯ ಮುಂದೆ.

ಘಟನೆ ಹೀಗೆ. ನನ್ನ ತೊಟ್ಟಿಯಲ್ಲಿ ಒಂದು ಜೊತೆ ಕೋಡಂಗಿ ಮೀನುಗಳಿದ್ದವು. ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟೆಗಳಿದ್ದು ಕಡಲ ಹೂವಿನ ಮಡಿಲಿನಲ್ಲಿ ವಾಸಿಸುವ, ಆಂಗ್ಲದಲ್ಲಿ ಕ್ಲೌನ್ ಎನ್ನಿಸಿಕೊಳ್ಳುವ ಮೀನುಗಳಿವು. ನಾಲ್ಕು ವರ್ಷದಿಂದ ಇದ್ದವು. ಮನೆಯ ಮಕ್ಕಳು ಅವಕ್ಕೆ ಹೆಸರಿಟ್ಟಿದ್ದರು. ಒಂದು ಸಂಜೆ ನೀಲಿಯ ಡ್ಯಾಮ್ಸೆಲ್ ಮೀನೊಂದನ್ನು ಕೊಂಡು ತಂದೆನು. ಚೀಲವನ್ನು ತೆರೆದು, ಅದರ ನೀರಿಗೆ ಸಣ್ಣ ಕೊಳವೆಯ ಮೂಲಕ ತೊಟ್ಟಿಯ ನೀರನ್ನು ಹನಿಹನಿಯಾಗಿ ಮೂರು ಗಂಟೆಗಳ ಕಾಲ ಬಿಟ್ಟು, ಮೀನನ್ನು ತೊಟ್ಟಿಗೆ ಸೇರಿಸಿದೆನು. ಐದನೆಯ ದಿನ ಅದರ ರೆಕ್ಕೆಯ ಮೇಲೆ ರವೆಯ ಕಾಳಿನಂಥ ಬಿಳಿಯ ಚುಕ್ಕೆಗಳು ತೋರಿದವು. ಎಂಟನೆಯ ದಿನ ಚುಕ್ಕೆಗಳಿರಲಿಲ್ಲ. ರೋಗ ವಾಸಿಯಾಯಿತೆಂದು ಸಂತೋಷಪಟ್ಟೆನು. ಮೂರನೆಯ ವಾರ ಮುಗಿಯುವ ವೇಳೆಗೆ ಎಲ್ಲ ಮೀನುಗಳ ಮೈಯೂ ಉಪ್ಪು ಚೆಲ್ಲಿದಂತಾಯಿತು. ಕೋಡಂಗಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡುತ್ತ, ಒಂದರ ಹಿಂದೆ ಒಂದು ಎರಡು ದಿನಗಳಲ್ಲಿ ಸತ್ತವು. ಡ್ಯಾಮ್ಸೆಲ್ ಬದುಕಿತು. ಮಾರಿದವರಲ್ಲಿ ತಪ್ಪನ್ನು ಹುಡುಕುವ ಅಗತ್ಯವಿಲ್ಲ. ನೋಡುವುದಕ್ಕೆ ಆರೋಗ್ಯವಾಗಿದ್ದ ಮೀನನ್ನೇ ಅವರು ಕೊಟ್ಟಿದ್ದರು, ನಾನೂ ನೋಡಿಯೇ ತಂದಿದ್ದೆನು.

ಏಡ್ರಿಯಾಟಿಕ್ ಸಮುದ್ರದ ತೀರದಲ್ಲಿರುವ ರಗೂಸಾ ನಗರದ, ಎಂದರೆ ಇಂದಿನ ಡುಬ್ರೋವ್ನಿಕ್ ನಗರದ, ಆಡಳಿತಸಭೆಯು 1377ರಲ್ಲಿ ಒಂದು ಕಟ್ಟಳೆಯನ್ನು ಮಾಡಿತು. ಪ್ಲೇಗು ಹಬ್ಬಿರುವ ಸ್ಥಳದಿಂದ ಬಂದವರು ಊರೊಳಗೆ ಕಾಲಿಡುವ ಮೊದಲು ಹೊರಗಿನ ನಿಗದಿಯಾದ ಸ್ಥಳದಲ್ಲಿ 30 ದಿನ ಇರತಕ್ಕದ್ದು. ಬಂದವನು ರೋಗಿಯೇ ಅಲ್ಲವೇ ಎಂದು ಈ ಕಟ್ಟಳೆ ಕೇಳಲಿಲ್ಲವೆಂಬುದನ್ನು ಗಮನಿಸಬೇಕು. ರೋಗಿಯನ್ನು ಹೊರಗಿಡುವ ಪದ್ಧತಿ ಅದಕ್ಕೂ ಹಿಂದಿನದು. ಆರೋಗ್ಯವಂತನಾಗಿ ಕಾಣುವವನನ್ನೂ ಕಾಯಿಸಿ ನೋಡುವುದು ಹೊಸದು. ಮುಂದೆ 30 ದಿನಗಳು 40 ಆದವು. ನಲವತ್ತಕ್ಕೆ ಇಟಲಿಯ ಮಾತಾದ ‘ಕ್ವಾರಂತ’ದಿಂದ ಈ ಹೆಸರು ಹುಟ್ಟಿತು. ವೆನಿಸ್ ನಗರವು 1423ರಲ್ಲಿ ಒಂದು ದ್ವೀಪದಲ್ಲಿ ಪ್ಲೇಗಿಗೆಂದೇ ಆಸ್ಪತ್ರೆಯನ್ನು ಸ್ಥಾಪಿಸಿತು. ನಲವತ್ತೆಂಬ ಸಂಖ್ಯೆಗೆ ಧರ್ಮಗ್ರಂಥಗಳ ಬಲವಿತ್ತೇ ಹೊರತು ರೋಗದ ಪರಿಚಯದ ಬಲವಿರಲಿಲ್ಲ. ಪ್ಲೇಗಿನ ಸೂಕ್ಷ್ಮಾಣುವನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಕಂಡದ್ದು 1894ರಲ್ಲಿ. ಸೋಂಕು ತಗಲಿದವನಲ್ಲಿ ಅದು ಸಾಮಾನ್ಯವಾಗಿ ಒಂದು ವಾರದೊಳಗೆ ಪ್ರಕಟವಾಗುವುದೆಂದು ತಿಳಿದ ಮೇಲೆ ಕಾಯುವ ಅವಧಿಯನ್ನು ಊಹೆಯಿಂದಲ್ಲದೆ ಲೆಕ್ಕದಿಂದ ಗೊತ್ತುಮಾಡುವುದು ಸಾಧ್ಯವಾಯಿತು. ನಮ್ಮ ದೇಶದಲ್ಲಿ ಮುಂಬಯಿಯ 1896ರ ಪ್ಲೇಗಿನ ಹಿಂದೆಯೇ 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮವು ಬಂದಿತು. ಆ ಪಿಡುಗು ಕರಾವಳಿಯನ್ನೂ ಬಿಡಲಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1902ರಲ್ಲಿ ಪ್ಲೇಗ್ ಆಸ್ಪತ್ರೆಯನ್ನು ತೆರೆದರು.

ಕಾಯುವ ಅವಧಿಯನ್ನು ರೋಗದ ಜೀವನಚರಿತ್ರೆಯೇ ಹೇಳಬೇಕು ಎಂಬ ಈ ತತ್ತ್ವವನ್ನು ನೆನಪಿನಲ್ಲಿಟ್ಟುಕೊಂಡು ಮೀನಿನ ಕಡೆಗೆ ಬರೋಣ. ಮೊದಲು ನೀರಿನ ವಿಷಯ. ಅದರಲ್ಲಿಯೂ ಮಂಗಳೂರಿನ ನೀರಿನ ವಿಷಯ.

ಕಡಲ ದಡದಲ್ಲಿಯೇ ಇರುವವರಿಗೆ ಕಡಲ ಮೀನನ್ನು ಸಾಕುವುದೇನು ಕಷ್ಟವೆಂದು ಘಟ್ಟದ ಮೇಲಿನ ಮಿತ್ರರು ಕೇಳುವುದುಂಟು. ತೊಟ್ಟಿಯಲ್ಲಿ ಸಾಕುವ ಬಣ್ಣದ ಮೀನುಗಳು ಬಹುತೇಕ ಹವಳದ ದಿಬ್ಬಗಳ ನಿವಾಸಿಗಳು. ನಮ್ಮ ರಾಜ್ಯದಲ್ಲಿ ಅಂಥ ಮೀನುಗಳನ್ನು ನೋಡಬೇಕಾದರೆ ಮುರ್ಡೇಶ್ವರದಾಚೆಯ ನೇತ್ರಾಣಿಗೆ ಹೋಗಬೇಕು. ಮಂಗಳೂರಿಗೆ ಹವಳದ ಕಡಲಿನೊಡನೆ ಒಂದು ಹಳೆಯ ಸಂಬಂಧವೂ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕಂಪನಿ ಸರ್ಕಾರದ ಕೈಸೇರಿ, 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಸೇರುವವರೆಗೂ ಕೆನರಾ ಜಿಲ್ಲೆಗೆ, ಆ ಜಿಲ್ಲೆಯು ಇಬ್ಭಾಗವಾದ ಮೇಲೆ ದಕ್ಷಿಣ ಕನ್ನಡಕ್ಕೆ, ಒಳಪಟ್ಟಿದ್ದವು. ದ್ವೀಪದವರ ಓಡಗಳು ತೆಂಗಿನ ನಾರಿನ ಹುರಿಯನ್ನು ನಮ್ಮ ಬಂದರಿಗೆ ತಂದು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದವು. ಮಳೆಗಾಲದಲ್ಲಿ ಈ ಸಂಚಾರ ನಿಲ್ಲುತ್ತಿತ್ತು. ಆ ದ್ವೀಪಗಳ ಸುತ್ತಣ ನೀರಿಗೂ ನಮ್ಮ ಅಳಿವೆಯ ಬಾಯಿಯ ನೀರಿಗೂ ಇರುವ ಅಂತರ ಮಳೆಗಾಲದಲ್ಲಿ ಕಣ್ಣಿಗೆ ಕಾಣುವಷ್ಟಿರುತ್ತದೆ. ದ್ವೀಪದ ಕಡಲಿನಲ್ಲಿ ಲವಣಾಂಶವು ಸಾವಿರಕ್ಕೆ 35 ಭಾಗದ ಆಸುಪಾಸಿನಲ್ಲಿ ಹೆಚ್ಚು ಏರಿಳಿತವಿಲ್ಲದೆ ನಿಂತಿರುತ್ತದೆ. ಇಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ತರುವ ಕೆಂಪು ನೀರು ದಡದ ಕಡಲನ್ನು ಸಪ್ಪೆಯಾಗಿಸುತ್ತದೆ, ಕೆಸರಾಗಿಸುತ್ತದೆ. ಹೀಗಿರಲು ಫೆಬ್ರವರಿಯಲ್ಲಿ ಸುರತ್ಕಲ್ಲಿನಿಂದಲೋ ಸೋಮೇಶ್ವರದಿಂದಲೋ ತಂದು ಸೋಸಿದ ನೀರಿನಿಂದ ಸಾಕಿದವನು ಜುಲೈಯಲ್ಲಿಯೂ ಅದೇ ಸ್ಥಳಕ್ಕೆ ಕೊಡವನ್ನು ಒಯ್ದರೆ ಬೇರೆಯೇ ನೀರು ಬರುತ್ತದೆ. ಮಳೆಗಾಲದಲ್ಲಿ ಮಾರಾಟದ ಕಡಲ ಉಪ್ಪಿನ ಮಿಶ್ರಣವನ್ನು ಕರಗಿಸಿಕೊಳ್ಳುವುದೇ ಲೇಸು. ಅದನ್ನು ಕರಗಿಸುವುದಕ್ಕೆ ತುಂಬೆಯ ಅಣೆಕಟ್ಟಿನಿಂದ ಬರುವ ನಲ್ಲಿಯ ನೀರಾದರೆ ಕ್ಲೋರಿನ್ನನ್ನು ಕಳೆಯಬೇಕು. ಮುರಕಲ್ಲಿನ ಬಾವಿಯ ನೀರಾದರೆ ಅದು ಮೃದುವಾಗಿ ತುಸು ಆಮ್ಲೀಯವಾಗಿರುವುದರಿಂದ, ಉಪ್ಪು ಬೆರೆಸಿ ಒಂದು ದಿನ ಗಾಳಿಯಾಡಿಸಿದ ಮೇಲೆ ಅಳತೆ ನೋಡಬೇಕು.

ಲವಣಾಂಶವು ಮೀನಿಗೆ ಏಕೆ ಅಷ್ಟು ಮುಖ್ಯ? ಕಡಲ ಮೂಳೆಮೀನಿನ ರಕ್ತದಲ್ಲಿರುವ ಉಪ್ಪು ಕಡಲ ನೀರಿನ ಉಪ್ಪಿನ ಸುಮಾರು ಮೂರನೆಯ ಒಂದು ಭಾಗ. ಆದಕಾರಣ ಅದರ ಮೈಯೊಳಗಿನ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ನೀರಿನಲ್ಲಿಯೇ ಇದ್ದು ನೀರಡಿಸಿದಂತೆ ಅದು ಕಡಲ ನೀರನ್ನು ಕುಡಿಯುತ್ತ, ಹೆಚ್ಚಾದ ಉಪ್ಪನ್ನು ಕಿವಿರುಗಳ ವಿಶೇಷ ಕೋಶಗಳ ಮೂಲಕ ಹೊರಹಾಕುತ್ತಿರಬೇಕು. ಈ ದುಡಿಮೆಯು ಹಠಾತ್ತನೆ ಹೆಚ್ಚಿದರೆ ಮೀನು ತಾಳಲಾರದು; ಕಡಿಮೆಯಾದರೆ ತಕ್ಕಮಟ್ಟಿಗೆ ತಾಳುತ್ತದೆ. ಉಪ್ಪು ಹೆಚ್ಚಿರುವ ಕಡೆಯಿಂದ ಕಡಿಮೆಯ ಕಡೆಗೆ ಮೀನನ್ನು ಒಯ್ಯುವುದು ಸುಲಭ, ಇದಕ್ಕೆ ವಿರುದ್ಧವಾದುದು ಕಷ್ಟ. ಅಂಗಡಿಗಳಲ್ಲಿ ಹಲವೊಮ್ಮೆ ಉಪ್ಪಿನ ವೆಚ್ಚವನ್ನು ಉಳಿಸಲೆಂದೋ ಪರೋಪಜೀವಿಗಳನ್ನು ಅಡಗಿಸಲೆಂದೋ ಲವಣಾಂಶವನ್ನು ತಗ್ಗಿಸಿ ಇಟ್ಟಿರುತ್ತಾರೆ. ಅಲ್ಲಿಂದ ಬಂದ ಮೀನನ್ನು ನಮ್ಮ ಪೂರ್ಣ ಕಡಲ ನೀರಿಗೆ ಏರಿಸುವ ಕೆಲಸವು ಮೂರು ಗಂಟೆಯದಲ್ಲ, ದಿನಕ್ಕೆ ಸಾವಿರಕ್ಕೆ ಒಂದೆರಡು ಭಾಗದಂತೆ ಹಲವು ದಿನಗಳದು.

ಇನ್ನು ಚೀಲ. ದೂರದ ನಗರದಿಂದ ಮೀನು ಬರುವುದು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಹಲವೊಮ್ಮೆ ಒಂದು ದಿನಕ್ಕೂ ಮೀರಿದ ಪ್ರಯಾಣದಲ್ಲಿ. ಅಷ್ಟು ಹೊತ್ತಿನಲ್ಲಿ ಮೀನಿನ ಉಸಿರಿನಿಂದ ಇಂಗಾಲಾಮ್ಲವೂ ಅದರ ಕಿವಿರುಗಳಿಂದ ಅಮೋನಿಯಾವೂ ನೀರಿನಲ್ಲಿ ಕೂಡಿಕೊಳ್ಳುತ್ತವೆ. ಇಂಗಾಲಾಮ್ಲದಿಂದ ನೀರು ಆಮ್ಲದ ಕಡೆಗೆ ತಿರುಗುತ್ತದೆ. ಕಡಲ ನೀರಿನ ಪಿಎಚ್ 8ಕ್ಕೆ ಮೇಲಿರುವುದು ಸಹಜವಾದರೂ ಚೀಲದ ನೀರಿನಲ್ಲಿ ಅದು 7ರ ಹತ್ತಿರಕ್ಕೆ ಇಳಿದಿರುವುದುಂಟು. ಆಮ್ಲದ ನೀರಿನಲ್ಲಿ ಅಮೋನಿಯಾದ ಬಹುಭಾಗವು ವಿದ್ಯುತ್ ಕಣರೂಪವನ್ನು ತಾಳಿ, ಕಿವಿರುಗಳ ಮೂಲಕ ಸುಲಭವಾಗಿ ಒಳಹೊಗಲಾರದ ಸ್ಥಿತಿಯಲ್ಲಿರುತ್ತದೆ. ಒಂದು ಕೇಡು ಇನ್ನೊಂದನ್ನು ತಡೆಹಿಡಿದಿರುತ್ತದೆ ಎನ್ನಬಹುದು. ಚೀಲದ ಬಾಯಿ ಬಿಚ್ಚಿದೊಡನೆ ಇಂಗಾಲಾಮ್ಲವು ಗಾಳಿಗೆ ಹಾರಿಹೋಗುತ್ತದೆ. ಪಿಎಚ್ ಏರುತ್ತದೆ. ಅದು ಒಂದು ಅಂಕ ಏರಿದರೆ ವಿಷರೂಪದ ಅಮೋನಿಯಾದ ಪಾಲು ಸುಮಾರು ಹತ್ತುಪಟ್ಟಾಗುತ್ತದೆ. ನಾವು ಹನಿಹನಿಯಾಗಿ ಬಿಡುವ ತೊಟ್ಟಿಯ ಕ್ಷಾರೀಯ ನೀರು ಈ ಏರಿಕೆಗೆ ಇನ್ನಷ್ಟು ನೆರವಾಗುತ್ತದೆ. ಮೀನಿಗೆ ಉಪಕಾರವೆಂದು ತಿಳಿದು ಕೊಳವೆಯನ್ನು ಹಿಡಿದು ಕುಳಿತವನು ಅದನ್ನು ಅಷ್ಟು ಹೊತ್ತೂ ವಿಷದಲ್ಲಿ ಕೂರಿಸಿರುತ್ತಾನೆ. ಅದೇ ಊರಿನ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಈ ಅಪಾಯವು ಅತ್ಯಲ್ಪ. ಅಲ್ಲಿ ನಿಧಾನವಾಗಿ ಬೆರೆಸಿದರೆ ನಷ್ಟವಿಲ್ಲ. ಎರಡು ಸಂದರ್ಭಗಳನ್ನೂ ಒಂದೇ ಎಂದು ಬಗೆದುದರಿಂದಲೇ ಹನಿಯ ವಿಧಾನಕ್ಕೆ ಅಷ್ಟು ಕೀರ್ತಿಯೂ ಅಷ್ಟೇ ಅಪಕೀರ್ತಿಯೂ ಬಂದಿರುವುದು.

ಆದುದರಿಂದ ದೂರದಿಂದ ಬಂದ ಮೀನಿಗೆ ಹೊಂದಿಸಬೇಕಾದುದು ಚೀಲದ ನೀರನ್ನಲ್ಲ, ಅದು ಹೋಗಿ ಸೇರುವ ನೀರನ್ನು. ಕಳುಹಿಸುವವರಿಂದ ಅವರ ನೀರಿನ ಲವಣಾಂಶವನ್ನು ಮುಂಚೆಯೇ ಕೇಳಿ ತಿಳಿದು, ಪ್ರತ್ಯೇಕವಾಸದ ತೊಟ್ಟಿಯನ್ನು ಅದೇ ಅಳತೆಗೆ ಸಿದ್ಧಪಡಿಸಿಟ್ಟಿರಬೇಕು. ಮೀನು ಬಂದಾಗ ದೀಪವನ್ನು ಆರಿಸಿ, ಚೀಲವನ್ನು ಬಿಚ್ಚದೆ ಆ ತೊಟ್ಟಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಬಿಟ್ಟರೆ ಉಷ್ಣತೆ ಸರಿಹೊಂದುತ್ತದೆ. ಬಳಿಕ ಬಿಚ್ಚಿ, ಲವಣಾಂಶವನ್ನು ಒಮ್ಮೆ ಅಳೆದು, ಅಂತರವು ಸಾವಿರಕ್ಕೆ ಒಂದೆರಡು ಭಾಗದೊಳಗಿದ್ದರೆ ಮೀನನ್ನಷ್ಟೇ ಎತ್ತಿ ತೊಟ್ಟಿಗೆ ಬಿಡಬೇಕು. ಚೀಲದ ನೀರನ್ನು ಚೆಲ್ಲಬೇಕು. ಅಳೆಯುವುದಕ್ಕೆ ಬೆಳಕಿನ ವಕ್ರೀಭವನದಿಂದ ಲವಣಾಂಶವನ್ನು ತೋರುವ ರಿಫ್ರಾಕ್ಟೋಮೀಟರ್ ಒಳ್ಳೆಯದು. ತೇಲುವ ಹೈಡ್ರೋಮೀಟರು ಉಷ್ಣತೆಗೆ ತಕ್ಕಂತೆ ಸುಳ್ಳು ಹೇಳುತ್ತದೆ. ಇಷ್ಟಕ್ಕೆಲ್ಲ ಅರ್ಧ ಗಂಟೆ ಸಾಕು. ಉಳಿದ ತಾಳ್ಮೆಯನ್ನು ಮುಂದಿನ ವಾರಗಳಿಗೆ ಇಟ್ಟುಕೊಳ್ಳಬೇಕು.

ನನ್ನ ಡ್ಯಾಮ್ಸೆಲ್ ಮೀನಿನ ಚುಕ್ಕೆಗಳು ಏಕೆ ಮಾಯವಾದವು? ಅದು ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಪರೋಪಜೀವಿಯ ಕೆಲಸ. ಜಪಾನಿನ ಸಿಕಾಮಾ 1937ರಲ್ಲಿ ಅದನ್ನು ವರ್ಣಿಸಿದನು. ಇಂದಿನ ಹೆಸರು 1951ರಲ್ಲಿ ಬ್ರೌನ್ ಕೊಟ್ಟದ್ದು. ಈ ಜೀವಿಯು ಮೀನಿನ ಚರ್ಮದಡಿಯಲ್ಲಿಯೂ ಕಿವಿರಿನಲ್ಲಿಯೂ ಮೂರರಿಂದ ಏಳು ದಿನ ಮೇದು ದಪ್ಪವಾಗುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಹೊಟ್ಟೆ ತುಂಬಿದ ಮೇಲೆ ಮೀನನ್ನು ಬಿಟ್ಟು ತೊಟ್ಟಿಯ ತಳದಲ್ಲಿಯೋ ಕಲ್ಲಿನ ಮೇಲೆಯೋ ಗಟ್ಟಿ ಕವಚವನ್ನು ಕಟ್ಟಿಕೊಂಡು ಅದರೊಳಗೆ ವಿಭಜನೆಗೊಳ್ಳುತ್ತದೆ. ಚುಕ್ಕೆಗಳು ಮಾಯವಾಗುವುದೆಂದರೆ ಇಷ್ಟೆ. ಕವಚವು ಒಡೆಯುವುದಕ್ಕೆ ಮೂರು ದಿನವೂ ಹಿಡಿಯಬಹುದು, ನಾಲ್ಕು ವಾರವೂ ಹಿಡಿಯಬಹುದು. 72 ದಿನಗಳ ತರುವಾಯ ಒಡೆದುದೂ ವರದಿಯಾಗಿದೆ. ಒಂದೊಂದರಿಂದ ನೂರಾರು ಮರಿಗಳು ಹೊರಬಂದು ಈಜುತ್ತ ಮೀನನ್ನು ಅರಸುತ್ತವೆ. ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಅವು ಹೊರಡುವುದು ಹೆಚ್ಚಾಗಿ ಕತ್ತಲೆಯಲ್ಲಿ, ಮೀನುಗಳು ತಳದಲ್ಲಿ ಮಲಗಿರುವ ಹೊತ್ತಿನಲ್ಲಿ. ನಿತ್ಯವೂ ಒಂದೇ ಮೂಲೆಯಲ್ಲಿ ಮಲಗುತ್ತಿದ್ದ ನನ್ನ ಕೋಡಂಗಿ ಮೀನುಗಳಿಗೆ ಅದಕ್ಕಿಂತ ಕೆಟ್ಟ ಅಭ್ಯಾಸ ಬೇರೊಂದಿರಲಿಲ್ಲವೆಂದು ಈಗ ತಿಳಿಯುತ್ತದೆ. ತೆರೆದ ಕಡಲಿನಲ್ಲಿ ಈ ಮರಿಗಳಲ್ಲಿ ಬಹುಪಾಲು ಮೀನನ್ನು ಕಾಣದೆ ಅಳಿಯುತ್ತವೆ. ಆದಕಾರಣ ಅಲ್ಲಿ ಇದು ಮಾರಕವಾಗುವುದು ಅಪರೂಪ. ಇಕ್ಕಟ್ಟಾದ ಊರುಗಳಲ್ಲಿ ಪ್ಲೇಗು ಹಬ್ಬಿದಂತೆ ಇಕ್ಕಟ್ಟಾದ ತೊಟ್ಟಿಯಲ್ಲಿ ಇದು ಹಬ್ಬುತ್ತದೆ.

ಈ ಜೀವನಚಕ್ರವನ್ನು ಬಲ್ಲವನು ಔಷಧಿಯಿಲ್ಲದೆಯೂ ಅದನ್ನು ಮುರಿಯಬಹುದು. ಕವಚವು ಮೂರು ದಿನಕ್ಕೆ ಮೊದಲು ಸಾಮಾನ್ಯವಾಗಿ ಒಡೆಯುವುದಿಲ್ಲವಷ್ಟೆ. ಹಾಗಾದರೆ ಮೂರು ದಿನಕ್ಕೊಮ್ಮೆ ಮೀನನ್ನು ತೊಳೆದು ಒಣಗಿಸಿದ ಬೇರೊಂದು ತೊಟ್ಟಿಗೆ, ಹೊಸ ನೀರಿಗೆ, ವರ್ಗಾಯಿಸಿದರೆ ಮೀನಿನಿಂದ ಉದುರಿದ ಕವಚಗಳೆಲ್ಲವೂ ಹಿಂದಿನ ತೊಟ್ಟಿಯಲ್ಲಿಯೇ ಉಳಿಯುತ್ತವೆ. ಹೀಗೆ ನಾಲ್ಕು ಬಾರಿ ಮಾಡಿದರೆ ಮೀನಿನ ಮೈಯಲ್ಲಿದ್ದ ಎಲ್ಲವೂ ಉದುರಿಹೋಗಿರುತ್ತವೆ. ಇಸ್ರೇಲಿನ ಕೊಲೊರ್ನಿಯು 1980ರ ದಶಕದಲ್ಲಿ ಪ್ರಯೋಗಿಸಿ ತೋರಿದ ಈ ಕ್ರಮವು ಎರಡು ಅಗ್ಗದ ತೊಟ್ಟಿಗಳಿಂದಲೇ ಸಾಧ್ಯ. ಬಲೆ, ಗಾಳಿಯ ಕೊಳವೆ, ಅಡಗುವ ಕೊಳವೆತುಂಡು ಇವನ್ನೂ ಪ್ರತಿಸಲವೂ ಬದಲಿಸಬೇಕು ಅಥವಾ ಚೆನ್ನಾಗಿ ಒಣಗಿಸಬೇಕು. ಹಳೆಯ ಬಲೆಯೊಂದನ್ನು ಮರೆತು ಅದ್ದಿದರೆ ಮಾಡಿದ್ದೆಲ್ಲ ವ್ಯರ್ಥ.

ಆದರೆ ವೆಲ್ವೆಟ್ ಎಂಬ ಇನ್ನೊಂದು ರೋಗವಿದೆ. ಅಮೈಲೊಊಡಿನಿಯಂ ಎಂಬ ಜೀವಿಯದು. ಇದನ್ನೂ ಮೊದಲು ವರ್ಣಿಸಿದವರು ಬ್ರೌನ್, 1931ರಲ್ಲಿ. ಮೈಮೇಲೆ ಚಿನ್ನದ ಹುಡಿ ಉದುರಿದಂತೆ ಕಾಣುವ ಮೊದಲೇ ಇದು ಕಿವಿರುಗಳನ್ನು ಮುತ್ತಿರುತ್ತದೆ. ಮೀನು ಮೇವು ಬಿಡುತ್ತದೆ, ಗಾಳಿಯ ಕೊಳವೆಯ ಬಾಯಿಗೆ ಮುಖಮಾಡಿ ಬೇಗಬೇಗನೆ ಉಸಿರಾಡುತ್ತದೆ. ಎರಡು ಮೂರು ದಿನದಲ್ಲಿ ಸಾಯುವುದೂ ಉಂಟು. ಇದಕ್ಕೆ ಮೂರು ದಿನದ ವರ್ಗಾವಣೆಯನ್ನು ನೆಚ್ಚುವಂತಿಲ್ಲ, ತಾಮ್ರವೇ ಬೇಕು. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮುಕ್ತ ತಾಮ್ರವನ್ನು ಮೂರು ವಾರಕ್ಕೆ ಕಡಿಮೆಯಿಲ್ಲದೆ ಎಡೆಬಿಡದೆ ಕಾಪಾಡಬೇಕು. ಇದಕ್ಕಿಂತ ಕಡಿಮೆಯಾದರೆ ರೋಗ ಸಾಯದು, ಹೆಚ್ಚಾದರೆ ಮೀನೇ ಸಾಯುತ್ತದೆ. ಅಳೆಯುವ ಸಾಮಗ್ರಿಯಿಲ್ಲದೆ ತಾಮ್ರವನ್ನು ಮುಟ್ಟತಕ್ಕದ್ದಲ್ಲ. ಕೆಲವು ಮಾರಾಟದ ಔಷಧಿಗಳಲ್ಲಿ ತಾಮ್ರವು ಬೇರೆ ವಸ್ತುಗಳೊಡನೆ ಬಂಧಿತವಾಗಿರುವುದರಿಂದ ಅವುಗಳ ಅಳತೆ ಬೇರೆ. ಸೀಸೆಯ ಮೇಲಿನ ಬರಹವನ್ನೇ ಅನುಸರಿಸಬೇಕು.

ಪ್ರತ್ಯೇಕವಾಸದ ತೊಟ್ಟಿ ಏಕೆ ಬರಿದಾಗಿರಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ಹವಳದ ಕಲ್ಲು, ಸುಣ್ಣದ ಮರಳು ತಾಮ್ರವನ್ನು ಹೀರಿ ಅಳತೆಯನ್ನು ಕೆಡಿಸುತ್ತವೆ. ಕಡಲ ಹೂ, ಸೀಗಡಿ, ಏಡಿ ಮುಂತಾದ ಬೆನ್ನೆಲುಬಿಲ್ಲದ ಜೀವಿಗಳು ತಾಮ್ರದಿಂದ ಸಾಯುತ್ತವೆ. ಅದಕ್ಕಾಗಿಯೇ ಮುಖ್ಯ ತೊಟ್ಟಿಯಲ್ಲಿ ಚಿಕಿತ್ಸೆ ಸಾಧ್ಯವಿಲ್ಲ. ಅರುವತ್ತು ಎಂಬತ್ತು ಲೀಟರಿನ ಬರಿಯ ಗಾಜಿನ ತೊಟ್ಟಿ, ಅಡಗಲು ಪ್ಲಾಸ್ಟಿಕ್ ಕೊಳವೆಯ ತುಂಡುಗಳು, ಮುಚ್ಚಳ, ಒಂದು ಸ್ಪಂಜಿನ ಶೋಧಕ, ಇಷ್ಟು ಸಾಕು. ಸ್ಪಂಜನ್ನು ಒಂದು ತಿಂಗಳ ಮುಂಚೆಯೇ ರೋಗವಿಲ್ಲದ ಮುಖ್ಯ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದರೆ ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ಅದರಲ್ಲಿ ನೆಲೆಸಿರುತ್ತವೆ. ಇದನ್ನು ಮರೆತವರೇ ಹೆಚ್ಚು. ಮೀನನ್ನು ರೋಗದಿಂದ ಕಾಪಾಡಲೆಂದು ಇರಿಸಿದ ತೊಟ್ಟಿಯಲ್ಲಿ ಅದು ಅಮೋನಿಯಾದಿಂದ ಸತ್ತರೆ ಪ್ರತ್ಯೇಕವಾಸಕ್ಕೇ ಕೆಟ್ಟ ಹೆಸರು ಬರುತ್ತದೆ. ಮಂಗಳೂರಿನಲ್ಲಿ ನೀರನ್ನು ಬಿಸಿಮಾಡುವ ಸಾಧನದ ಅಗತ್ಯವು ಅಪರೂಪ. ಏಪ್ರಿಲ್, ಮೇ ತಿಂಗಳ ಸೆಕೆಯೇ ಇಲ್ಲಿನ ಚಿಂತೆ, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಈ ತೊಟ್ಟಿಯು ಮುಖ್ಯ ತೊಟ್ಟಿಯಿಂದ ದೂರವಿರಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿರಲಿ. ಗಾಳಿಗುಳ್ಳೆಗಳಿಂದ ಸಿಡಿಯುವ ತುಂತುರಿನಲ್ಲಿಯೂ ವೆಲ್ವೆಟ್ ರೋಗವು ಸಾಗಬಲ್ಲುದು.

ಎಷ್ಟು ದಿನ? ನಾಲ್ಕರಿಂದ ಆರು ವಾರ. ಮೊದಲ ವಾರದಲ್ಲಿ ಮೀನು ಮೇವನ್ನು ಹಿಡಿಯುವಂತೆ ಮಾಡುವುದೊಂದೇ ಕೆಲಸ. ಮೇಯದ ಮೀನಿಗೆ ಔಷಧಿ ತುಂಬುವ ಆತುರ ಒಳ್ಳೆಯದಲ್ಲ. ಉಸಿರಾಟವು ತೀವ್ರವಾದರೆ ಮಾತ್ರ ಕಾಯಬಾರದು. ರೋಗವೊಂದು ಕಾಣಿಸಿಕೊಂಡು ಚಿಕಿತ್ಸೆ ಮಾಡಿದ್ದಾದರೆ ಅದು ಮುಗಿದ ದಿನದಿಂದ ಮತ್ತೆ ಎರಡು ವಾರ ಬರಿಯ ನೀರಿನಲ್ಲಿ ನೋಡಬೇಕು.

ಎಲ್ಲಿಂದ ಬಂದ ಮೀನೆಂಬುದನ್ನೂ ವಿಚಾರಿಸುವುದು ಯುಕ್ತ. ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯು ಕೋಡಂಗಿ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ಕ್ರಮವನ್ನು ರೂಪಿಸಿದೆ. ಹಾಗೆ ಬೆಳೆಸಿದ ಮರಿಯು ತೊಟ್ಟಿಯ ನೀರಿಗೂ ಕೃತಕ ಮೇವಿಗೂ ಹುಟ್ಟಿನಿಂದಲೇ ಒಗ್ಗಿರುತ್ತದೆ. ಆದರೂ ಅಂಗಡಿಯಲ್ಲಿ ಬೇರೆ ಮೀನುಗಳ ನೀರನ್ನು ಹಂಚಿಕೊಂಡಿದ್ದರೆ ಅದಕ್ಕೂ ಪ್ರತ್ಯೇಕವಾಸ ತಪ್ಪದು. ಕಡಲ ಕುದುರೆಯನ್ನೂ ಹವಳವನ್ನೂ 2001ರಿಂದ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪಟ್ಟಿಗೆ ಸೇರಿಸಲಾಗಿದೆ. ದಡದಿಂದ ಅವನ್ನು ಹೆಕ್ಕಿ ತರುವ ವಿಚಾರವೇ ವಿದ್ಯಾರ್ಥಿಗಳಿಗೆ ಬೇಡ.

ನನ್ನ ತೊಟ್ಟಿಯ ಮುಂದಿನ ಕಥೆ ಇಷ್ಟು. ಬದುಕಿದ ಡ್ಯಾಮ್ಸೆಲ್ಲನ್ನು ಹೊರತೆಗೆದು ಮೂರು ದಿನದ ವರ್ಗಾವಣೆಯಿಂದ ಶುದ್ಧಗೊಳಿಸಿದೆನು. ಮುಖ್ಯ ತೊಟ್ಟಿಯಲ್ಲಿ ಕಡಲ ಹೂವೂ ಎರಡು ಸೀಗಡಿಗಳೂ ಮಾತ್ರ ಉಳಿದವು. ಮೀನಿಲ್ಲದ ನೀರಿನಲ್ಲಿ ಪರೋಪಜೀವಿಯು ತಾನಾಗಿಯೇ ಅಳಿಯಬೇಕಾದುದರಿಂದ, ಮೇಲೆ ಹೇಳಿದ 72 ದಿನಗಳಿಗೆ ನಾಲ್ಕು ಸೇರಿಸಿ 76 ದಿನ ಅದನ್ನು ಹಾಗೆಯೇ ನಡೆಸಿದೆನು. ದೀಪ ಉರಿಯುತ್ತಿತ್ತು, ಪಂಪು ತಿರುಗುತ್ತಿತ್ತು, ಸೀಗಡಿಗಳಿಗೆ ಎರಡು ದಿನಕ್ಕೊಮ್ಮೆ ಚೂರು ಮೇವು ಬೀಳುತ್ತಿತ್ತು. ಮನೆಗೆ ಬಂದವರು ಮೀನೆಲ್ಲಿ ಎಂದು ಕೇಳುತ್ತಿದ್ದರು. ಎಪ್ಪತ್ತೇಳನೆಯ ದಿನ ಡ್ಯಾಮ್ಸೆಲ್ಲನ್ನು ಅಲ್ಲಿಗೆ ಬಿಟ್ಟೆನು. ಅದೇ ವಾರ ಕೊಂಡು ತಂದ ಎರಡು ಕೋಡಂಗಿ ಮರಿಗಳು ಪಕ್ಕದ ಕೋಣೆಯಲ್ಲಿ ಬರಿಯ ಗಾಜಿನ ತೊಟ್ಟಿಯ ಕೊಳವೆತುಂಡಿನೊಳಗೆ ಆರು ವಾರ ಕಳೆದವು.